ಇಪ್ಪತ್ತೆರಡು ನಿಮಿಷದ ರಸಿಕತೆ

ಪಿಂಗಾಣಿ ತಟ್ಟೆ ಕಾರ್ಖಾನೆಯ ಯಜಮಾನರು ಯಾವುದೋ ಪತ್ರಿಕೆಯಲ್ಲಿ ಅರ್ಧ ಲೇಖನ ಓದಿದ್ದೇ ಎಲ್ಲಕ್ಕೂ ಮೂಲ. ಚಿತ್ರ ಸವಿಯಬಲ್ಲ ಕಣ್ಣಿಗೆ ತಟ್ಟೆಯ ದೋಷವೂ ಥಟ್ಟನೆ ಕಾಣುತ್ತದೆ ಅಂತ ಅದರಲ್ಲಿತ್ತಂತೆ. ಉಳಿದರ್ಧ ಓದುವ ತಾಳ್ಮೆ ಅವರಿಗೆಲ್ಲಿಂದ ಬರಬೇಕು? ಬೆಳಗಾಗುವಷ್ಟರಲ್ಲಿ ಊಟದ ಕೋಣೆಯ ಗೋಡೆಯ ಮೇಲೆ ಐದು ಚಿತ್ರ, ಎದುರಿಗೊಂದು ಕುರ್ಚಿ, ಕುರ್ಚಿಯಲ್ಲಿ ಗಡಿಯಾರ ಹಿಡಿದ ಅಳತೆ ಮೇಷ್ಟ್ರು!

ಚಿತ್ರದ ಮುಂದೆ ಎಷ್ಟು ಹೊತ್ತು ನಿಂತರೆ ಅಷ್ಟು ರಸಿಕತೆ, ಅಷ್ಟು ಅಂಕ. ಅಂಕ ಕಡಿಮೆಯಾದವರು ತಪಾಸಣೆ ಬಿಟ್ಟು, ತಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತಿಡುವ ಶೆಡ್ಡಿಗೆ ಹೋಗಬೇಕು.

ಸುದ್ದಿ ಕೇಳಿ ತಪಾಸಣೆಯ ಟಿಂಗಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. ಹದಿನಾಲ್ಕು ವರ್ಷದಿಂದ ಕಿಟಕಿ ಪಕ್ಕದ ಸ್ಟೂಲು ಅವಳದು. ಕಣ್ಣು ಮುಚ್ಚಿ, ಕಡ್ಡಿಯಿಂದ ತಟ್ಟೆಯನ್ನು ತಟ್ಟಿ ಕೇಳುತ್ತಿದ್ದಳು. ಗಟ್ಟಿ ತಟ್ಟೆ ಟಿಂಗ್ ಅನ್ನುತ್ತದೆ, ಕೂದಲೆಳೆಯ ಬಿರುಕಿದ್ದರೂ ಟಪ್ ಅನ್ನುತ್ತದೆ. ಇಷ್ಟರಲ್ಲಿ ಕಣ್ಣಿಗೇನು ಕೆಲಸ? ಹುಲ್ಲಿನ ಧೂಳೋ, ಅವಳಿಗೆ ಸೀನಿನ ಸರಮಾಲೆ.

"ಲೇ ಟಿಂಗಿ, ಗುಟ್ಟು ಹೇಳ್ತೀನಿ ಕೇಳು," ಪಕ್ಕದ ಸ್ಟೂಲಿನ ಚಿಕ್ಕಮ್ಮ ಪಿಸುಗುಟ್ಟಿದಳು. ಕಾರ್ಖಾನೆಗೆಲ್ಲ ಆಕೆ ಚಿಕ್ಕಮ್ಮನೇ. "ಒಂದೊಂದು ಚಿತ್ರದ ಮುಂದೂ ಮನಸ್ಸಲ್ಲೇ ಮಗ್ಗಿ ಹೇಳ್ಕೋ. ಮುಗಿಯೋವರ್ಗೂ ಕದಲ್ಬೇಡ. ಮಧ್ಯೆ ಒಂದು ನಿಟ್ಟುಸಿರು."

"ಚಿತ್ರ ಚೆನ್ನಾಗಿಲ್ದೇ ಇದ್ರೆ?"

"ಎರಡು ನಿಟ್ಟುಸಿರು."

"ಒಡಕನ್ನ ಒಡಕು ಅಂತ ಹೇಳಿ ಅನ್ನ ತಿಂದೋಳು ನಾನು. ತಟ್ಟೆಗೊಂದು ನ್ಯಾಯ, ಚಿತ್ರಕ್ಕೊಂದು ನ್ಯಾಯ ನನ್ ಕೈಲಾಗಲ್ಲ!"

"ಹಾಗಾದ್ರೆ ಹೋಗಿ ಹುಲ್ಲು ಮೇಯಿ."

ಚಿಕ್ಕಮ್ಮನ ಸರದಿ ಮೊದಲು ಬಂತು. ದೋಣಿಯ ಚಿತ್ರದ ಮುಂದೆ ಕಾವಿಗೆ ಕೂತ ಕೋಳಿಯ ಹಾಗೆ ನಿಂತಳು. ಹದಿನೇಳರ ಮಗ್ಗಿ ತಪ್ಪಿದಾಗ ಕಣ್ಣಲ್ಲಿ ನೀರೇ ಬಂತು. ಐದು ಚಿತ್ರಕ್ಕೆ ಒಟ್ಟು ಹದಿನೆಂಟು ನಿಮಿಷ!

ಟಿಂಗಕ್ಕ ಸೆರಗು ಸಿಕ್ಕಿಸಿ ಒಳಗೆ ನಡೆದಳು. "ದೋಣಿ. ನೋಡ್ದೆ. ಈ ಕುದುರೆಗೆ ಮೇಕೆ ಕಾಲು. ಮುಂದೆ." ಮೂರು, ನಾಲ್ಕರ ಮುಂದೆ ಕಾಲು ನಿಲ್ಲಲೇ ಇಲ್ಲ. ಬಾಗಿಲಲ್ಲಿ ಚಿಕ್ಕಮ್ಮ ಹಣೆ ಹಣೆ ಚಚ್ಚಿಕೊಂಡಳು.

ಐದನೆಯದು ಗಾಜು ಹಾಕಿದ ಸೂರ್ಯಾಸ್ತ. ದಾಟಿ ಹೋಗುವಾಗ ಅವಳ ಬಳೆ ಗಾಜಿಗೆ ತಾಕಿತು.

ಟಪ್.

ಟಿಂಗಕ್ಕ ನಿಂತಳು. ಕಣ್ಣು ಮುಚ್ಚಿ, ಗಾಜಿಗೆ ಕಿವಿಯಿಟ್ಟು, ಬೆರಳಿನಿಂದ ಒಂದೊಂದೇ ಅಂಗುಲ ತಟ್ಟುತ್ತ ಹೋದಳು. ಊಟದ ಗಂಟೆ ಹೊಡೆಯಿತು. ಜನ ತಟ್ಟೆ ಹಿಡಿದು ಅವಳನ್ನು ಬಳಸಿಕೊಂಡೇ ಸಾಲು ನಿಂತರು. ಕೊನೆಗೂ ಎಡ ಮೂಲೆಯಲ್ಲಿ, ಚೌಕಟ್ಟಿನ ಅಡಿಯಲ್ಲಿ, ಇರುವೆ ಮೀಸೆಯಂಥ ಬಿರುಕು ಸಿಕ್ಕಿತು.

"ಇಪ್ಪತ್ತೆರಡು ನಿಮಿಷ!" ಮೇಷ್ಟ್ರು ಕುರ್ಚಿ ಬಿಟ್ಟೆದ್ದರು. "ಕಣ್ಣು ಮುಚ್ಚಿ ಚಿತ್ರ ಸವಿದವರನ್ನ ನಾನು ಕಂಡೇ ಇಲ್ಲ!"

"ಅಯ್ಯೋ, ನಾನೆಲ್ಲಿ ಚಿತ್ರ ನೋಡ್ದೆ? ಗಾಜು ಒಡೆದಿದೆ. ಚಿತ್ರ ಅಷ್ಟಕ್ಕಷ್ಟೇ."

"ವಿನಯ," ಎಂದು ಬರೆದುಕೊಂಡರು ಮೇಷ್ಟ್ರು. "ಐದು ಅಂಕ."

"ವಿನಯ ಅಲ್ಲ ಸ್ವಾಮೀ, ನಿಜ! ನಿಮ್ಮ ಅಳತೇನೇ ಒಡಕು!"

"ನಿರ್ಭೀತ ವಿಮರ್ಶೆ. ಇನ್ನೈದು."

ಊಟ ಮುಗಿಯುವಷ್ಟರಲ್ಲಿ ಫಲಿತಾಂಶ ಬಂತು. ಟಿಂಗಕ್ಕನೇ ಮೊದಲು, ಚಿಕ್ಕಮ್ಮ ಎರಡನೆಯವಳು. ಅಳತೆ ಹಾಳಾಗಿ ಹೋಗಲಿ, ಸ್ಟೂಲು ಉಳಿಯಿತಲ್ಲ! ಟಿಂಗಕ್ಕ ಕಿಟಕಿಯತ್ತ ಓಡಿದಳು. ಯಜಮಾನರು ಕೈಮುಗಿದು ಅಡ್ಡ ಬಂದರು.

"ಇಂಥ ರಸಿಕರನ್ನ ತಟ್ಟೆ ತಟ್ಟೋಕೆ ಕೂರ್ಸಿದ್ನಲ್ಲಮ್ಮಾ, ತಪ್ಪಾಯ್ತು! ಒಂದು ಚಿತ್ರಶಾಲೆ ಮಾಡ್ತೀನಿ. ನೀವು ದಿನವಿಡೀ ಚಿತ್ರಗಳ ಮುಂದೆ ನಿಂತ್ಕೊಂಡು, ಸವಿಯೋದು ಹೇಗೆ ಅಂತ ಎಲ್ಲರಿಗೂ ತೋರಿಸ್ಬೇಕು. ಈಗಿಂದ್ಲೇ!"

"ನಂಗೆ ನನ್ ಸ್ಟೂಲು ಸಾಕು!"

"ಇನ್ನೈದು," ಅಂದರು ಮೇಷ್ಟ್ರು.

"ಚಿತ್ರಶಾಲೆ ಎಲ್ಲಿ ಸ್ವಾಮೀ?" ಅಂತ ಕೇಳಿದಳು ಚಿಕ್ಕಮ್ಮ, ಆಗಲೇ ಟಿಂಗಕ್ಕನ ಸ್ಟೂಲಿನ ಮೇಲೆ ಕೂತು.

"ಜಾಗ ಇರೋದು ಒಂದೇ ಕಡೆ. ಹುಲ್ಲಿನ ಶೆಡ್ಡಲ್ಲಿ ಅರ್ಧ ಗೋಡೆ ಖಾಲಿ ಇದೆಯಲ್ಲ!"

ಮಧ್ಯಾಹ್ನ, ಶೆಡ್ಡಿನ ಗೋಡೆಗೇರಿದ ಸೂರ್ಯಾಸ್ತದ ಮುಂದೆ, ಮೊಣಕಾಲುದ್ದ ಹುಲ್ಲಿನಲ್ಲಿ ಟಿಂಗಕ್ಕ ನಿಂತಿದ್ದಳು. ಅಂಗಳದಾಚೆಯ ಕಿಟಕಿಯಲ್ಲಿ ಚಿಕ್ಕಮ್ಮ ತಟ್ಟೆಯೊಂದನ್ನು ತಟ್ಟಿದಳು. ಟಪ್. ಒಂದು ನಿಟ್ಟುಸಿರು ಬಿಟ್ಟು ಅದನ್ನು ಒಳ್ಳೆಯ ತಟ್ಟೆಗಳ ಸಾಲಿಗೆ ಸೇರಿಸಿದಳು.

"ಅದು ಒಡಕು!" ಕೂಗಿದಳು ಟಿಂಗಕ್ಕ. "ಆಕ್ಷೀ! ಒಡಕು ಅಂದ್ರೆ ಒಡಕೇ! ಆಕ್ಷೀ!"

ಪಕ್ಕದಲ್ಲಿದ್ದ ಮೇಷ್ಟ್ರು ಮೆಲ್ಲಗೆ ಗಡಿಯಾರ ಒತ್ತಿದರು.