ಗಂಟಲು ರಿಪೇರಿ ಮೆಷಿನ್ನೂ ಹೆಣ್ಣು ನೋಡೋ ಶಾಸ್ತ್ರಾನೂ

ನಂಗೆ ಹಾಡೋಕೆ ಬರುತ್ತೆ. ಇದನ್ನ ಮೊದಲೇ ಹೇಳಿಬಿಡ್ತೀನಿ. ಬರಲ್ಲ ಅನ್ನೋರು ನಮ್ಮನೇಲೇ ಇದಾರೆ, ಅವರ ಮಾತು ಆಮೇಲೆ.

ನಾನು ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು. ದಿಲ್ಲಿ ಹತ್ರ ಮಾನೇಸರ್‌ನಲ್ಲಿ ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಕೂರಿಸೋ ಕೆಲಸ. ಆ ಕಾಲದಲ್ಲಿ ದಿಲ್ಲೀಲಿ ಎಲ್ಲಿ ಕೇಳಿದ್ರೂ ಮೆಷಿನ್ ಗಂಟಲಿನ ಹಾಡು. ಆಟೋದಲ್ಲಿ ಅದೇ, ಢಾಬಾದಲ್ಲಿ ಅದೇ, ಮೊಬೈಲ್ ಅಂಗಡಿ ಮುಂದೆ ಅದೇ. ಹಾಡೋನು ಬಾವಿಗೆ ಬಿದ್ದು, ಒಳಗಿಂದ ಮನೆಗೆ ಫೋನ್ ಮಾಡ್ತಿರೋ ಹಂಗೆ ಇರೋದು. ಜನ ಅದನ್ನೇ ರಿಂಗ್‌ಟೋನ್ ಹಾಕ್ಕೊಂಡು ಕುಣಿಯೋರು.

ನನ್ನ ದೋಸ್ತ್ ಬಂಟಿ ಅಂತ ಒಬ್ಬ ಇದ್ದ. ಗುಡಗಾಂವ್‌ನಲ್ಲಿ ಒಂದು ಬೇಸ್‌ಮೆಂಟ್ ಹಿಡಿದು ಭಜನೆ ಸಿ.ಡಿ. ರೆಕಾರ್ಡ್ ಮಾಡ್ತಿದ್ದ. ಅವನೇ ಹೇಳ್ದ, "ಅರೇ ಭಾಯಿ, ಈಗ ಗಂಟಲು ಯಾರಿಗೆ ಬೇಕು? ನೀನು ಬಾಯಿ ತೆಗಿ. ಬಾಕಿ ಕಂಪ್ಯೂಟರ್ ನೋಡ್ಕೊಳ್ಳುತ್ತೆ."

ತೆಗೆದೆ. ಅಮ್ಮ ಹೇಳಿಕೊಟ್ಟಿದ್ದ ದೇವರನಾಮ, ಮೂರು ಚರಣ. ನಾನು ಹಾಡಿದ್ದು ಒಂದು ಟೀ ಕುಡಿಯೋ ಹೊತ್ತು. ಬಂಟಿ ಅದನ್ನ ರಿಪೇರಿ ಮಾಡಿದ್ದು ಇಡೀ ಭಾನುವಾರ. ಏಸಿ ಇದ್ರೂ ಬೆವರ್ತಿದ್ದ. ನಡುವೆ ಒಂದ್ಸಲ ಹೆಡ್‌ಫೋನ್ ಕಿತ್ತಿಟ್ಟು ಹೊರಗೆ ಹೋಗಿ ಬೀಡಿ ಸೇದಿ ಬಂದ. ಕೊನೆಗೆ ಕೇಳಿಸ್ದ.

ನಂಗೆ ಕಣ್ಣಲ್ಲಿ ನೀರು ಬಂತು. ಏನು ಹಾಡಿದೀನಿ ಮಾರಾಯ!

ಮನೆಗೆ ತಂದು ಅಕ್ಕಂಗೆ ಹಾಕಿದೆ. ನಾನಿರೋದು ಅಕ್ಕ ಭಾವನ ಮನೇಲಿ.

"ಯಾರೋ ಇದು?" ಅಂದ್ಲು.

"ನಾನೇ."

"ಹೊಟ್ಟೆಗೆ ಏನ್ ತಿಂತೀಯ ನೀನು? ಸುಳ್ಳು ಹೇಳ್ಬೇಡ."

ನಂಬಿಸೋಕೆ ಅಮ್ಮನ ಮೇಲೆ ಆಣೆ ಹಾಕ್ಬೇಕಾಯ್ತು. ನಂಬಿದ ತಕ್ಷಣ ಅವಳ ತಲೆ ಓಡ್ತು. ಆಗ ಅಕ್ಕ ನಂಗೆ ಹೆಣ್ಣು ಹುಡುಕ್ತಿದ್ಲು. ಹೋದ ಕಡೆಯೆಲ್ಲ "ಹುಡುಗ ಓದಿಲ್ವಲ್ಲ" ಅಂತ ಬಾಗಿಲು ಮುಚ್ಚೋರು. ಈಗ ಒಂದು ಹೊಸ ಸಂಬಂಧ ಬಂದಿತ್ತು. ಅರಸೀಕೆರೆ ಕಡೆ ಸುಬೇದಾರ್ ಸಾಹೇಬ್ರು, ದಿಲ್ಲಿ ಕಂಟೋನ್ಮೆಂಟ್ ಕ್ವಾರ್ಟರ್ಸಲ್ಲಿ ಇರೋರು. ಮಗಳು ವೀಣಾ, ಇಲ್ಲೇ ಬೆಳೆದೋಳು, ಬಿ.ಎ. ಬೇರೆ.

ಫೋಟೋ ನೋಡಿದ್ದೆ. ಅದರಲ್ಲಿ ಅವಳು ನಗ್ತಿರಲಿಲ್ಲ. ಫೋಟೋ ತೆಗೆಯೋನಿಗೆ "ಬೇಗ ಮುಗಿಸು" ಅನ್ನೋ ಹಂಗೆ ನೋಡ್ತಿದ್ಲು. ನಂಗೂ ಎಲ್ಲಾ ಬೇಗ ಮುಗೀಬೇಕು. ಇವಳೇ ಸರಿ ಅಂತ ಅವತ್ತೇ ತೀರ್ಮಾನ ಮಾಡಿದ್ದೆ. ಅವಳು ಮಾಡೋದು ಬಾಕಿ ಇತ್ತು.

ಅಕ್ಕ ಸಿ.ಡಿ. ಕಳಿಸಿ ಫೋನ್ ಮಾಡಿದ್ಲು. "ನಮ್ಮ ಶಿವು ಓದಿಲ್ಲ ಅಣ್ಣಾವ್ರೇ, ಸುಳ್ಳು ಹೇಳಲ್ಲ. ಆದ್ರೆ ಹಾಡ್ತಾನೆ."

ಆ ಕಡೆಯಿಂದ ಉತ್ತರ ಬಂತು. ಭಾನುವಾರ ನಮ್ಮ ಕ್ವಾರ್ಟರ್ಸಲ್ಲಿ ಸತ್ಯನಾರಾಯಣ ಪೂಜೆ. ಕನ್ನಡದೋರೆಲ್ಲ ಬರ್ತಾರೆ. ಬನ್ನಿ, ಹುಡುಗಿ ನೋಡಿದಂಗೂ ಆಯ್ತು. ಹುಡುಗ ಪೂಜೇಲಿ ಒಂದು ಹಾಡು ಹಾಡ್ಲಿ.

ನಮ್ಮ ಕಡೆ ಹೆಣ್ಣು ನೋಡೋಕೆ ಹೋದ್ರೆ ಹುಡುಗಿಗೆ "ಒಂದು ಹಾಡು ಹೇಳಮ್ಮ" ಅಂತಾರೆ. ಇಲ್ಲಿ ಉಲ್ಟಾ. ಕೇಳ್ದೆ, ಈ ಐಡಿಯಾ ಯಾರದ್ದು ಅಂತ. ಹುಡುಗೀದೇ ಅಂತೆ.

ಓಡಿದೆ ಬಂಟಿ ಹತ್ರ. "ಕಂಪ್ಯೂಟರ್ ಹೊತ್ಕೊಂಡು ಹೋಗೋಕಾಗುತ್ತಾ?"

"ಅದು ಬೇಡ," ಅಂತ ಅವನು ಕಪಾಟಿಂದ ಒಂದು ಕಬ್ಬಿಣದ ಪೆಟ್ಟಿಗೆ ತೆಗೆದ. ಮುಂದೆ ಗುಂಡಿಗಳು, ಲೈಟುಗಳು. ಮೈಕು ಇದಕ್ಕೆ ಚುಚ್ಚಬೇಕು, ಇದನ್ನ ಸ್ಪೀಕರ್‌ಗೆ ಚುಚ್ಚಬೇಕು. ನೀನು ಎಷ್ಟೇ ಅಡ್ಡಾದಿಡ್ಡಿ ಹಾಡಿದ್ರೂ ಇದು ಸ್ವರದ ಕತ್ತು ಹಿಡಿದು ಜಾಗಕ್ಕೆ ತಂದು ಕೂರಿಸುತ್ತೆ. "ನಿನ್ನ ಹಾಡಿಗೆ ತಕ್ಕಂಗೆ ಇಟ್ಟಿದೀನಿ. ನಿನ್ನ ಕೇಸು ಅಂತ ಎಲ್ಲಾ ಫುಲ್ ಮಾಡಿದೀನಿ. ಇದರಲ್ಲಿ ನಿನ್ನ ಬಿಟ್ಟು ಬೇರೆ ಯಾರೂ ಮಾತಾಡಬಾರದು. ಸಮಝಾ?"

"ಸಮಝಾ," ಅಂದೆ. ಅದೇ ತಪ್ಪು. ಪೂಜೆ ಮನೇಲಿ ಮೈಕು ಒಂದೇ ಇರುತ್ತೆ ಅಂತ ನಂಗೆ ಹೊಳೀಲಿಲ್ಲ.

ಭಾನುವಾರ ಕಂಟೋನ್ಮೆಂಟ್ ಗೇಟಲ್ಲೇ ಮೊದಲನೇ ಮರ್ಯಾದೆ. ರೇಷ್ಮೆ ಶರ್ಟು ಹಾಕ್ಕೊಂಡು, ತೊಡೆ ಮೇಲೆ ವೈರು ನೇತಾಡೋ ಪೆಟ್ಟಿಗೆ ಇಟ್ಕೊಂಡು ಆಟೋದಲ್ಲಿ ಬಂದೋನನ್ನ ಮಿಲಿಟರಿ ಸೆಂಟ್ರಿ ಸುಮ್ನೆ ಬಿಡ್ತಾನಾ?

"ಯೇ ಕ್ಯಾ ಹೈ?"

"ಹಾಡೋ ಮೆಷಿನ್."

"ಯಾರು ಹಾಡ್ತಾರೆ?"

"ನಾನೇ."

"ಮತ್ತೆ ಮೆಷಿನ್ ಯಾಕೆ?"

ನಾನು ಪೆಟ್ಟಿಗೇನ ಇನ್ನೂ ಗಟ್ಟಿಯಾಗಿ ತಬ್ಕೊಂಡೆ. ಕೈ ಮೇಲೆತ್ತಿಸಿ ನಿಲ್ಲಿಸ್ದ. ಮಾವ ಆಗಬೇಕಾದೋರು ಮಡಿ ಪಂಚೇಲಿ ಗೇಟ್‌ವರೆಗೂ ಬಂದು ನನ್ನ ಮೊದಲ ಸಲ ನೋಡಿದ್ದು ಈ ಭಂಗೀಲಿ. ಪೆಟ್ಟಿಗೆ ನೋಡಿದ್ರು, ನನ್ನ ನೋಡಿದ್ರು. "ಕೈ ಇಳಿಸಪ್ಪ," ಅಂದ್ರು. ಅಷ್ಟೇ. ಅಕ್ಕ ಆಟೋದಿಂದ ಇಳೀಲೇ ಇಲ್ಲ ಸ್ವಲ್ಪ ಹೊತ್ತು.

ಮನೆ ಮುಂದೆ ಶಾಮಿಯಾನ, ಜನ ತುಂಬಿದಾರೆ. ನಾನು ಸೀದಾ ಹೋಗಿ ಮೈಕಿನ ವೈರು ಪೆಟ್ಟಿಗೆಗೆ ಚುಚ್ಚಿ, ಆನ್ ಮಾಡಿ, ಕೈ ಒರೆಸ್ಕೊಂಡು ಕೂತೆ. ಪುರೋಹಿತ್ರು ಮೈಕನ್ನ ಬಾಯಿ ಹತ್ರ ಎಳ್ಕೊಂಡು ಮಂತ್ರ ಶುರು ಮಾಡಿದ್ರು.

ಪೆಟ್ಟಿಗೆಗೆ ಮಂತ್ರ ಗೊತ್ತಾ? ನನ್ನ ಹಾಡು ಗೊತ್ತು. ಅವರ ಒಂದೊಂದು ಅಕ್ಷರಾನೂ ಕತ್ತು ಹಿಡಿದು ನನ್ನ ಹಾಡಿನ ಸ್ವರಕ್ಕೆ ತಂದು ಕೂರಿಸ್ತು. ಶಾಮಿಯಾನದ ತುಂಬ ರೋಬೋಟ್ ಸಂಕಲ್ಪ. ಮಕ್ಕಳು ಎದ್ದು ಸೊಂಟ ಕುಣಿಸೋಕೆ ಶುರು ಮಾಡಿದ್ವು.

ಪುರೋಹಿತ್ರು ಮಂತ್ರ ನಿಲ್ಲಿಸಿ ಹಿಂದೆ ತಿರುಗಿದ್ರು. "ಯಾರಪ್ಪ ಅದು ನನ್ನ ಜೊತೆ ಹಾಡ್ತಿರೋದು?" ಅದೂ ಹಾಡಾಗೇ ಬಂತು.

ಹೆಂಗಸ್ರು ಸೆರಗು ಬಾಯಿಗೆ ಒತ್ಕೊಂಡ್ರು. ಸುಬೇದಾರ್‌ಗೆ ರೇಗ್ತು. ಎದ್ದು ಬಂದು ಮೈಕ್ ಕಿತ್ಕೊಂಡು, ಪರೇಡ್ ದನೀಲಿ, "ಎಲ್ಲಾರೂ ಸುಮ್ನೆ ಕೂತ್ಕೊಳ್ಳಿ. ಚಪ್ಪಲಿ ಲೈನಲ್ಲಿ ಬಿಡಿ," ಅಂದ್ರು.

ಎಂಥಾ ಕಂಠ ಅಂತೀರಾ! "ಚಪ್ಪಲಿ" ಅನ್ನೋದು ಮೇಲೆ ಹೋಗಿ, "ಲೈನಲ್ಲಿ" ಅನ್ನೋದು ಅಲ್ಲೇ ಸುತ್ತಿ, "ಬಿಡಿ" ಅನ್ನೋದು ಪಾರಿವಾಳ ಇಳಿದಂಗೆ ಇಳೀತು.

ಕುಣೀತಿದ್ದ ಮಕ್ಕಳೂ ಕೂತ್ಕೊಂಡ್ವು. ಸಾಹೇಬ್ರು ಮೈಕನ್ನ ಒಂದ್ಸಲ ನೋಡಿದ್ರು. ಗಂಟಲು ಸರಿ ಮಾಡ್ಕೊಂಡು, ಸ್ವಲ್ಪ ಮೆತ್ತಗೆ, "ಚಪ್ಪಲಿ... ಲೈನಲ್ಲಿ..." ಅಂದ್ರು. ಮತ್ತೂ ಚೆನ್ನಾಗಿ ಬಂತು. ಚಪ್ಪಲಿ ಆಗ್ಲೇ ಲೈನಲ್ಲಿತ್ತು, ಆದ್ರೂ ಇನ್ನೊಂದ್ಸಲ ಹೇಳಿದ್ರು. ಆಮೇಲೆ ಪ್ರಸಾದ ಯಾವಾಗ ಕೊಡ್ತಾರೆ, ಕೈ ಎಲ್ಲಿ ತೊಳೀಬೇಕು, ಸ್ಕೂಟರ್ ಎಲ್ಲಿ ನಿಲ್ಲಿಸಬಾರದು, ಎಲ್ಲಾ ಹಾಡಿದ್ರು.

"ರೀ, ಮೈಕ್ ಕೊಡಿ ಆ ಹುಡುಗಂಗೆ," ಅಂತ ಅವರ ಹೆಂಡ್ತಿ ಒಳಗಿಂದ ಕೂಗಿದ್ರು.

"ಒಂದ್ ನಿಮಿಷ ಕಣೇ," ಅಂತ ಅದನ್ನೂ ಹಾಡಿದ್ರು.

ಪುರೋಹಿತ್ರು ಮೈಕಿಲ್ದೇನೇ ಪೂಜೆ ಮುಗಿಸಿದ್ರು. ಕೊನೆಗೆ ನನ್ನ ಸರದಿ. ವೀಣಾ ಒಂದು ಲೋಟ ನೀರು ತಂದು ಪೆಟ್ಟಿಗೆ ಪಕ್ಕ ಇಟ್ಟು, ಬಗ್ಗಿ ಏನೋ ಸರಿ ಮಾಡಿ ಹೋದ್ಲು. ಎಷ್ಟು ಕಾಳಜಿ ಅಂದ್ಕೊಂಡೆ. ಕಣ್ಣು ಮುಚ್ಚಿದೆ. ಶುರು ಮಾಡಿದೆ.

ಮೊದಲನೇ ಚರಣಕ್ಕೆ ಕಣ್ಣು ಬಿಟ್ಟೆ. ಜನ ಬಾಯಿ ತೆಕ್ಕೊಂಡು ಕೂತಿದ್ರು. ಎರಡನೇದಕ್ಕೆ ಒಬ್ರು ಅಜ್ಜಿ ಸೆರಗಿಂದ ಕಣ್ಣು ಒರೆಸ್ಕೊಳ್ತಿದ್ರು, ಭುಜ ಅಲ್ಲಾಡ್ತಿತ್ತು. ಅಕ್ಕ ಎರಡೂ ಕೈಲಿ ಮುಖ ಮುಚ್ಕೊಂಡಿದ್ಲು. ಪುರೋಹಿತ್ರು ಕಿವಿ ಹಿಡ್ಕೊಂಡು ದೇವರ ಕಡೆ ತಿರುಗಿದ್ರು. ಭಕ್ತಿ ಅಂದ್ರೆ ಇದು ಅಂದ್ಕೊಂಡೆ. ಮೂರನೇ ಚರಣಾನ ಇನ್ನೂ ಎತ್ತರಕ್ಕೆ ತಗೊಂಡು ಹೋದೆ. ಮುಗಿದಾಗ ಬಿದ್ದ ಚಪ್ಪಾಳೆ ಇವತ್ತೂ ಕಿವೀಲಿದೆ. ಸುಬೇದಾರ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಗೆದ್ದುಬಿಟ್ಟೆ!

ಊಟ ಆದ್ಮೇಲೆ "ಹುಡುಗ ಹುಡುಗಿ ಮಾತಾಡ್ಕೊಳ್ಲಿ" ಅಂತ ನಮ್ಮಿಬ್ರನ್ನ ಬಾಲ್ಕನಿಗೆ ಬಿಟ್ರು. ನಾನು ರೇಷ್ಮೆ ಶರ್ಟಿನ ಕಾಲರ್ ಸರಿ ಮಾಡ್ಕೊಂಡೆ.

"ಹಾಡು ಹೆಂಗಿತ್ತು?"

"ಬಹುತ್ ಬುರಾ," ಅಂದ್ಲು. "ಅಷ್ಟು ಕೆಟ್ಟದಾಗಿ ನಾನು ಲೈಫಲ್ಲೇ ಕೇಳಿಲ್ಲ."

"ಮೆಷಿನ್ ಕೆಟ್ಟಿತ್ತೇನೋ."

"ಕೆಟ್ಟಿರಲಿಲ್ಲ. ನೀರು ಇಡುವಾಗ ನಾನೇ ಬಟನ್ ಒತ್ತಿ, ಮೈಕ್ ಡೈರೆಕ್ಟ್ ಮಾಡಿದೆ. ಅದು ನಿಮ್ಮದೇ ಆವಾಜ್."

ಅವಳಿಗೆ ಸಿ.ಡಿ. ಕೇಳಿದಾಗ್ಲೇ ಡೌಟ್ ಬಂದಿತ್ತಂತೆ. "ಮೂರು ಚರಣದಲ್ಲಿ ನೀವು ಒಂದ್ಸಲಾನೂ ಉಸಿರು ತಗೊಂಡಿಲ್ಲ. ಮನುಷ್ಯ ಹೌದೋ ಅಲ್ವೋ ನೋಡೋಣ ಅಂತ ಕರೆಸಿದೆ."

"ಅಚ್ಛಾ. ಹಂಗಾದ್ರೆ ನಾವು ಹೊರಡ್ತೀವಿ," ಅಂದೆ. ಸುತ್ತಿ ಬಳಸೋದು ನಂಗೆ ಬರಲ್ಲ.

"ನಾನು ನೋ ಅಂದಿಲ್ಲ," ಅಂದ್ಲು. "ಜನ ಅಷ್ಟು ನಗ್ತಿದ್ರು. ಬೇರೆ ಯಾರಾದ್ರೂ ಆಗಿದ್ರೆ ಮೈಕ್ ಬಿಟ್ಟು ಭಾಗ್ ಜಾತಾ. ನೀವು ಪೂರ್ತಿ ಮುಗಿಸಿದ್ರಿ. ಇಂಥೋರು ನಡುವೆ ಬಿಟ್ಟು ಹೋಗಲ್ಲ. ಧೈರ್ಯ ಇದೆ."

ನಗ್ತಿದ್ರಾ? ನಂಗೆ ಅದೇ ಮೊದಲ ಸಲ ಗೊತ್ತಾಗಿದ್ದು. ಧೈರ್ಯ ಅಂತಾಳಲ್ಲ ಅಂತ ಬಾಯಿ ಮುಚ್ಕೊಂಡೆ. ಬಿ.ಎ. ಓದಿದೋಳ ಮಾತು ತೆಗೆದುಹಾಕೋಕೆ ನಾನ್ಯಾರು?

"ಒಂದೇ ಕಂಡೀಶನ್. ಮದುವೇಲಿ ಹಾಡಬಾರದು."

ಒಪ್ಪಿದೆ. ಆ ಪೆಟ್ಟಿಗೇನ ಸುಬೇದಾರ್ ಸಾಹೇಬ್ರು ಮದುವೆವರೆಗೂ ವಾಪಸ್ ಕೊಡ್ಲಿಲ್ಲ. ಬಂಟಿ ಕೇಳಿದಾಗೆಲ್ಲ ಫೋನಲ್ಲಿ "ಕಲ್ ದೇಂಗೇ", ನಾಳೆ ಕೊಡ್ತೀವಿ, ಅಂತ ರಾಗವಾಗಿ ಹೇಳೋರಂತೆ.

ಮದುವೇನೂ ಆಯ್ತು. ಮಾತಿಗೆ ತಪ್ಪಲಿಲ್ಲ ನಾನು, ಹಾಡಲಿಲ್ಲ. ತಾಳಿ ಕಟ್ಟುವಾಗ ಖುಷಿಗೆ ಬಾಯಿ ಮುಚ್ಕೊಂಡೇ ಸ್ವಲ್ಪ ಗುನುಗಿದೆ, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಓಲಗದೋನು ತಟ್ಟಂತ ನುಡಿಸೋದು ನಿಲ್ಲಿಸಿ, ವಾದ್ಯಾನ ಬಾಯಿಂದ ತೆಗೆದು, ಒರೆಸಿ, ಒಳಗೆ ಏನಾದ್ರೂ ಸಿಕ್ಕೊಂಡಿದೆಯಾ ಅಂತ ಬಗ್ಗಿ ನೋಡ್ದ.