ತೋಳು ನೋಡಿ ಜಾತಕ ಹೇಳುವ ಮಾವ

ಸಮುದ್ರವನ್ನೇ ನೋಡದ ನೌಕಾಪಡೆಯ ತಜ್ಞರೊಬ್ಬರು ಚನ್ನಗಿರಿಯಲ್ಲಿದ್ದರು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ! ಅವರು ನನ್ನ ಸೋದರಮಾವ. ಅವರು ಕಂಡ ಅತಿ ದೊಡ್ಡ ನೀರೆಂದರೆ ಸೂಳೆಕೆರೆ.

ಹರೆಯದಲ್ಲಿ ನೌಕಾಪಡೆ ಸೇರಲು ಶಿವಮೊಗ್ಗದ ಭರ್ತಿ ಶಿಬಿರಕ್ಕೆ ಹೋಗಿದ್ದರಂತೆ. ಎದೆಯ ಅಳತೆ ಒಂದೂವರೆ ಇಂಚು ಕಡಿಮೆ ಬಂತೆಂದು ವಾಪಸ್ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಆ ಅಳತೆ ಟೇಪಿನ ಮುಖ ನೋಡುತ್ತಿರಲಿಲ್ಲ. ನಮ್ಮ ಮಾವ ಅದನ್ನೇ ಕೊರಳಿಗೆ ಹಾಕಿಕೊಂಡು ಟೈಲರ್ ಆದರು!

ಎಪ್ಪತ್ತರ ದಶಕದಲ್ಲಿ ಬೊಂಬಾಯಿಯಿಂದ ಹಳೆಯ ಬಟ್ಟೆಯ ಮೂಟೆಗಳು ನಮ್ಮೂರಿಗೆ ಬರುತ್ತಿದ್ದವು. ಅವುಗಳಲ್ಲಿ ಯುದ್ಧಕಾಲದ ನೌಕಾಪಡೆಯ ಉಣ್ಣೆ ಕೋಟುಗಳೂ ಇರುತ್ತಿದ್ದವು. ಚಳಿಗಾಲದಲ್ಲಿ ತೋಟದ ಯಜಮಾನರು ಅವನ್ನು ಕೊಂಡು, ಸಣ್ಣದು ದೊಡ್ಡದು ಮಾಡಿಸಲು ಮಾವನ ಅಂಗಡಿಗೆ ತರುತ್ತಿದ್ದರು. ಮಾವ ಮೊದಲು ನೋಡುತ್ತಿದ್ದುದು ತೋಳನ್ನು. ನಾವಿಕನ ಕೆಲಸ ಯಾವುದೆಂದು ಹೇಳುವ ಗುರುತನ್ನು ಅಲ್ಲಿ ಹೊಲಿದಿರುತ್ತಾರೆ; ಬಸವಾಪಟ್ಟಣದ ನಿವೃತ್ತ ನಾವಿಕರೊಬ್ಬರಿಂದ ಆ ಗುರುತುಗಳನ್ನೆಲ್ಲ ಕಲಿತು ಬಾಯಿಪಾಠ ಮಾಡಿಕೊಂಡಿದ್ದರು. ಅಡ್ಡಡ್ಡ ಎರಡು ಬಾವುಟವಿದ್ದರೆ ಸಂಕೇತ ಕಳಿಸುವವನು, ಎರಡು ತೋಪಿನ ನಳಿಗೆಯಿದ್ದರೆ ಗುಂಡು ಹಾರಿಸುವವನು. ಗುರುತು ಕಿತ್ತುಹೋಗಿದ್ದರೂ ಬಿಡುತ್ತಿರಲಿಲ್ಲ. ಅದರಡಿ ಬಣ್ಣ ಮಾಸದೆ ಉಳಿದ ಬಟ್ಟೆಯನ್ನು, ಸೂಜಿಯ ತೂತುಗಳನ್ನು ಬೆರಳಲ್ಲಿ ಸವರಿ ಜಾತಕ ಹೇಳಿಬಿಡುತ್ತಿದ್ದರು.

ಆದರೆ ಅವರದೊಂದು ಕಟ್ಟಪ್ಪಣೆ: ಹಕ್ಕಿಲ್ಲದವರ ತೋಳಲ್ಲಿ ಗುರುತು ಇರಕೂಡದು! ಹೊನ್ನಾಳಿಯ ಗೌಡರೊಬ್ಬರು ಕೋಟು ತಂದು, "ಆ ಮೂರು ರೆಕ್ಕೆ ಫ್ಯಾನಿಂದು ಇರ್ಲಿ ಬಿಡ್ರಿ, ಚೆಂದ ಕಾಣ್ತೈತೆ" ಎಂದರು.

"ಇದು ಹಡಗಿನ ಇಂಜಿನ್ನಿಗೆ ಕಲ್ಲಿದ್ದಲು ಹಾಕೋರ ಗುರ್ತು ಗೌಡ್ರೆ. ನೀವು ಹಾಕೀರೇನು?"

"ಮನ್ಯಾಗೆ ಒಲಿಗೆ ಕಟ್ಟಿಗೆನೂ ಹಾಕಿಲ್ಲ!"

"ಹಂಗಾರೆ ಬಿಚ್ಚಾಕೆ ಬಿಡ್ರಿ."

ಬಿಚ್ಚಿದ್ದೆಲ್ಲ ಮಾವನ ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು. ಅವರ ಬಳಿಯೂ ಅಂಥದೊಂದು ಕೋಟಿತ್ತು. ಡಬ್ಬಿ ತುಂಬ ಗುರುತುಗಳಿದ್ದರೂ ತಮ್ಮ ತೋಳಿಗೆ ಒಂದನ್ನೂ ಹೊಲಿದುಕೊಳ್ಳಲಿಲ್ಲ. ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ನಾನು ಏನು ಕಡಿದು ಕಟ್ಟೆ ಹಾಕೀನಿ ಅಂತ ಹಾಕ್ಕೊಳ್ಳವ್ವ?" ಎಂದು ನಕ್ಕಿದ್ದರು.

ಅಪ್ಪ ತೀರಿಕೊಂಡ ಮೇಲೆ ಮಾವ ನಮ್ಮೊಂದಿಗೇ ಇದ್ದರು. ಮದುವೆಯಾಗಲಿಲ್ಲ. ಅಮ್ಮನಿಗೆ ಉಬ್ಬಸ, ಒಲೆಯ ಹೊಗೆ ಆಗುತ್ತಿರಲಿಲ್ಲ. ಹಾಗಾಗಿ ಎರಡು ಹೊತ್ತೂ ರೊಟ್ಟಿ ಬಡಿಯುವುದು ಮಾವನ ಪಾಲಿಗೆ ಬಂತು. ಕೊರಳಲ್ಲಿ ಟೇಪು ಇದ್ದೇ ಇರುತ್ತಿತ್ತು. ಒಮ್ಮೊಮ್ಮೆ ರೊಟ್ಟಿಯನ್ನೂ ಅಳೆದು, "ಇದು ಅರ್ಧ ಇಂಚು ಕಡಿಮೆ, ನನ್ನ ತಟ್ಟಿಗೆ ಹಾಕು" ಎನ್ನುತ್ತಿದ್ದರು. ಶಿವಮೊಗ್ಗದವರಂತೆ ವಾಪಸ್ ಕಳಿಸುತ್ತಿರಲಿಲ್ಲ!

ಇಂಥ ಮಾವನೆದುರು ನನ್ನನ್ನು ನೋಡಲು ಜಗಳೂರಿನ ಗಂಡು ಬಂದ. ನೌಕಾಪಡೆಯ ಬಿಳಿ ಸಮವಸ್ತ್ರದಲ್ಲೇ ಬಂದಿದ್ದ. ಬಾಗಿಲಲ್ಲಿ ತನ್ನ ಅಪ್ಪನ ಚಪ್ಪಲಿಯನ್ನೂ ಜೋಡಿಸಿಟ್ಟು ಒಳಗೆ ಬಂದ. ಸುಳ್ಳೇಕೆ ಹೇಳಲಿ, ನನಗೆ ಆಗಲೇ ಹಿಡಿಸಿಬಿಟ್ಟ. ಅವನಪ್ಪ ಉಪ್ಪಿಟ್ಟು ತಿನ್ನುತ್ತಾ, "ನಮ್ ಹುಡ್ಗ ಹಡಗಿನಾಗೆ ತೋಪು ಹಾರಿಸ್ತಾನ್ರೀ" ಎಂದರು.

ಮಾವ ಕನ್ನಡಕ ಏರಿಸಿ ಗಂಡಿನ ತೋಳಿಗೆ ಬಗ್ಗಿದರು.

"ನಕ್ಷತ್ರದ ನಡುವೆ ಸಿ ಅಕ್ಷರ ಐತೆ. ಇದು ತೋಪಲ್ರೀ, ಅಡಿಗಿಯೋರ ಗುರ್ತು!"

ಉಪ್ಪಿಟ್ಟಿನ ಚಮಚ ನಡುದಾರಿಯಲ್ಲಿ ನಿಂತಿತು. ಅಮ್ಮನ ಮುಖ ಬಿಳಿಚಿತು. ಗಂಡಿನ ಅಪ್ಪ ಶಲ್ಯ ಕೊಡವಿ ಎದ್ದೇಬಿಟ್ಟರು. ಈ ಮಾವನ ಬಾಯಿಗೆ ಒಂದು ಹೊಲಿಗೆ ಹಾಕುವವರಿಲ್ಲವೇ ಎಂದು ಬಾಗಿಲ ಹಿಂದೆ ನಾನು ಕಣ್ಣೀರು ತಂದುಕೊಂಡೆ.

ಆಗ ಗಂಡೇ ಬಾಯಿಬಿಟ್ಟ. "ಹೌದ್ರೀ, ನಾನು ಅಡಿಗಿಯೋನೆ. ತೋಪು ಅನ್ಬ್ಯಾಡ ಅಂತ ಅಪ್ಪಗೆ ಬಸ್ಸಿನಾಗೇ ಹೇಳಿದ್ದೆ."

"ಎಷ್ಟು ಜನಕ್ಕೆ ಮಾಡ್ತೀರಿ?" ಎಂದರು ಮಾವ.

"ಇನ್ನೂರು ಜನಕ್ರೀ."

"ಹಡಗು ಅಲ್ಲಾಡಿದ್ರೆ ಸಾರು ಚೆಲ್ಲಲ್ವೇನ್ರಿ?"

"ಪಾತ್ರೆ ಅರ್ಧ ಮಾತ್ರ ತುಂಬ್ತೀವ್ರೀ."

ಮಾವ ಅಮ್ಮನತ್ತ ತಿರುಗಿದರು. "ಅಕ್ಕಾ, ಹುಡುಗೀನ ಕೊಟ್ಟುಬಿಡು. ಇಷ್ಟು ತಿಳಿವಳಿಕೆ ಇರೋನು ಸಂಸಾರನೂ ಚೆಲ್ಲಲ್ಲ!"

ಚೆಲ್ಲಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವನ ಕಣ್ಣು ಪೂರ್ತಿ ಮಂಜಾಗಿತ್ತು. ಅಂಗಡಿ ಮುಚ್ಚಿದ್ದರು. ಒಂದು ಚಳಿಗಾಲ ರಜೆಗೆ ಬಂದ ನನ್ನ ಯಜಮಾನರು ಮಾವನಿಗೆ ಆ ಹಳೆಯ ಕೋಟು ತೊಡಿಸಿದರು. ಮಾವ ಅಭ್ಯಾಸಬಲದಿಂದ ತೋಳು ಸವರಿದರು. ಬೆರಳು ನಿಂತಿತು.

"ಅಡಿಗಿಯೋರದು. ಯಾರ್ದೋ ಕೋಟು ಹಾಕೀರಲ್ಲ ಅಳಿಯಂದ್ರೆ?"

"ನಿಮ್ದೇ ಮಾವ. ನನ್ನ ಹಳೇ ಅಂಗಿ ತೋಳಿಂದು ಬಿಚ್ಚಿ ಹೊಲಿದೀನಿ."

"ಬಿಚ್ರಿ, ಬಿಚ್ರಿ! ಹಕ್ಕಿಲ್ಲದ್ದು ನನಗ್ಯಾಕೆ?"

"ನಾನು ಸಂಬಳಕ್ಕೆ ಅಡಿಗೆ ಮಾಡ್ತೀನಿ. ನೀವು ಇಷ್ಟು ವರ್ಷ ಈ ಮನಿಗೆ ರೊಟ್ಟಿ ಬಡಿದ್ರಲ್ಲ, ನಿಮಗಿಲ್ಲದ ಹಕ್ಕು ಯಾರಿಗೈತೆ ಮಾವ?"

ಮಾವ ನಕ್ಷತ್ರದ ಅಂಚನ್ನು ಬೆರಳಲ್ಲಿ ಸವರುತ್ತಾ ಹೋದರು. ನನಗೆ ಅಳು ತಡೆಯಲಾಗಲಿಲ್ಲ. ಮಾವ ಕೊನೆಗೆ, "ಹೊಲಿಗೆ ಓರೆ ಆಗೈತೆ" ಎಂದರು.

"ಕೊಡಿ ಮಾವ, ಬಿಚ್ಚಿ ನೆಟ್ಟಗೆ ಹೊಲೀತೀನಿ" ಎಂದು ನಾನು ಕೈಚಾಚಿದೆ.

ಮಾವ ನಕ್ಷತ್ರದ ಮೇಲೆ ಅಂಗೈ ಮುಚ್ಚಿಕೊಂಡರು. "ಬ್ಯಾಡವ್ವ. ಇರ್ಲಿ ಬಿಡು."