ಹೊಳೆಮಕ್ಕಿಯ ಡೈರೆಕ್ಟ್ರು

ಹೂವಪ್ಪನ ಗ್ರಹಚಾರ ಶುರುವಾದದ್ದು ಒಂದು ಬಲ್ಬಿನಿಂದ. ಮಲೆಸೀಮೆ ವಿದ್ಯುತ್ ಕಂಪನಿಯ ಆಡಳಿತ ಮಂಡಳಿಗೆ ಅವನನ್ನು ಸ್ಥಳೀಯ ನಿವಾಸಿಗಳ ಪ್ರತಿನಿಧಿಯಾಗಿ ಆರಿಸಿದ್ದೇ ತಡ, ಅವನ ತಾಯಿ ಜಲಜಮ್ಮ ಹೊಸನಗರದ ಪೇಟೆಯಿಂದ ಬಲ್ಬು ತಂದು ನಡುಮನೆಯ ತೊಲೆಗೆ ದಾರದಲ್ಲಿ ಕಟ್ಟಿಬಿಟ್ಟಳು. ತಂತಿಯಿಲ್ಲ, ಕಂಬವಿಲ್ಲ. ಹೊಳೆಮಕ್ಕಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ. ಅಣೆಕಟ್ಟಿಗಾಗಿ ಊರು ಬಿಟ್ಟು ಇಲ್ಲಿಗೆ ಬಂದಾಗ ಜಲಜಮ್ಮ ಲಂಗ ತೊಟ್ಟ ಹುಡುಗಿ. ನಾಡಿಗೆಲ್ಲ ಬೆಳಕು ಕೊಟ್ಟವರ ಮನೆಯಲ್ಲಿ ಇವತ್ತಿಗೂ ಚಿಮಣಿ ಬುಡ್ಡಿ.

"ಕಣ್ಣು ದಿನಾ ಮಂಜಾಗ್ತಾ ಐತೆ ಮಗಾ, ಡಾಕ್ಟ್ರೂ ಕೈ ಚೆಲ್ಲಿದ್ರು. ಪೂರ್ತಿ ಕತ್ತಲಾಗೋದ್ರೊಳಗೆ ಇದು ಹತ್ತಿದ್ದು ಒಂದ್ಸಲ ನೋಡ್ಬೇಕು," ಎಂದಳು.

ಮೊದಲ ಸಭೆಯ ದಿನ ಬೆಳಗಾಗುತ್ತಲೇ ಊರೇ ಅಂಗಳದಲ್ಲಿತ್ತು. 'ಪ್ರತಿನಿಧಿ' ಅನ್ನುವುದು ಯಾರಿಗೂ ರುಚಿಸದೆ ಅವನಿಗೆ 'ಡೈರೆಕ್ಟ್ರು' ಅಂತಲೇ ನಾಮಕರಣವಾಗಿತ್ತು. ಪಕ್ಕದ ಮನೆ ಯಮುನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಹೇರಿದಳು. "ಸಾಹೇಬ್ರಿಗೆ ಕೊಡು. ಉಪ್ಪು ತಿಂದೋರು ಇಲ್ಲ ಅನ್ನಲ್ಲ."

ಪಂಚಾಯ್ತಿ ಚುನಾವಣೆಯಲ್ಲಿ ಸೋತು ಅನುಭವಿಯಾಗಿದ್ದ ನಟರಾಜ್ ಉಪದೇಶಕ್ಕಿಳಿದ. "ಎದ್ದು ನಿಂತ ಕೂಡ್ಲೆ ಮುಳುಗಿದ ಊರಿನ ಹೆಸ್ರು ಹೇಳು, ಅದು ನಮ್ಮ ಕಡೆ ಪದ್ಧತಿ. ಆಮೇಲೆ ನಿನ್ನ ಮನೆ, ತಾಯಿ, ಬಲ್ಬು. ಕರುಳು ಚುರ್ ಅನ್ಬೇಕು!"

ಬಸ್ಸಿನ ಮೊದಲ ತಿರುವಿನಲ್ಲೇ ಭರಣಿಯ ಬಾಯಿಬಟ್ಟೆ ಬಿಚ್ಚಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯ ತುಂಬ ಕೆಂಪು ರಸ. ಸಭೆಯಿದ್ದ ಸಾಗರದ ಅತಿಥಿಗೃಹದ ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿ, "ಉಪ್ಪಿನಕಾಯಿನಾ? ಅಡಿಗೆಮನೆ ಹಿಂದ್ಗಡೆ," ಎಂದ.

"ನಾನು ಡೈರೆಕ್ಟ್ರು ಕಣಪ್ಪ."

"ನಾನು ಮಂತ್ರಿ. ಹಿಂದ್ಗಡೆ ಹೋಗಿ."

ಹಿಂದ್ಗಡೆಯಿಂದಲೇ ಹೋಗಿ, ಭರಣಿಯನ್ನು ಅಡುಗೆಯವರಿಗೊಪ್ಪಿಸಿ, ಅಂತೂ ಸಭೆ ಸೇರಿದ. ಕಾರ್ಯದರ್ಶಿ ವನಮಾಲಾ ಮೊದಲ ವಿಷಯ ಓದಿದರು: ಹೊಳೆಮಕ್ಕಿಗೆ ವಿದ್ಯುತ್ ಮಾರ್ಗ. ಹೂವಪ್ಪ ಎದ್ದ. ಮುಳುಗಿದ ಊರು, ಮನೆ, ತಾಯಿ, ದಾರಕ್ಕೆ ತೂಗುವ ಬಲ್ಬು, ಒಂದನ್ನೂ ಬಿಡದೆ ಹೇಳಿದ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಗೆದ್ದೆ ಅಂದುಕೊಂಡ ಹೂವಪ್ಪ.

ಅಷ್ಟರಲ್ಲಿ ಕಾನೂನು ಸಲಹೆಗಾರ ಶ್ರೀಕರ ಕೆಮ್ಮಿದರು. "ಸರ್, ಇದ್ರಲ್ಲಿ ಸದಸ್ಯರ ಸ್ವಂತ ಮನೆಗೇ ಲಾಭ ಇದೆ, ಅವರ ಬಾಯಲ್ಲೇ ಬಂತು. ನಿಯಮದ ಪ್ರಕಾರ ಚರ್ಚೆ ಮುಗಿಯೋವರೆಗೂ ಅವರು ಹೊರಗಿರಬೇಕು."

"ಅಯ್ಯೋ ಸ್ವಾಮಿ, ಅಲ್ಲಿಯವನು ಅಂತಲೇ ಅಲ್ವಾ ನನ್ನ ಆರಿಸಿದ್ದು!"

"ಅದೂ ಸರಿ. ಇದೂ ಸರಿ," ಎಂದರು ಶ್ರೀಕರ.

ಹೂವಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಚಹಾ ಬಂತು, ಆರಿತು. ಕೊನೆಗೆ ವನಮಾಲಾ ಹೊರಬಂದರು. "ನಿಮ್ಮೂರಿನದ್ದು ಮುಂದಿನ ಸಭೆಗೆ ಹೋಯ್ತು ಹೂವಪ್ಪನೋರೇ."

"ಯಾಕಮ್ಮ?"

"ಸ್ಥಳೀಯ ಪ್ರತಿನಿಧಿಯ ಅಭಿಪ್ರಾಯ ಕೇಳದೆ ಮಂಜೂರು ಮಾಡೋ ಹಾಗಿಲ್ಲ. ಚರ್ಚೆ ವೇಳೆ ಅವರು ಹಾಜರಿರಲಿಲ್ಲವಲ್ಲ."

"ಮುಂದಿನ ಸಭೇಲಿ?"

"ಆಗ್ಲೂ ನೀವು ಹೊರಗೇ ಕೂರ್ಬೇಕಾಗುತ್ತೆ." ಅವರಿಗೂ ಸಂಕಟವಾಗಿತ್ತು. "ಉಪ್ಪಿನಕಾಯಿ ಮಾತ್ರ ಎಲ್ಲರಿಗೂ ಹಿಡಿಸ್ತು."

ಅವನು ಮನೆ ಸೇರುವಾಗ ಮುಸ್ಸಂಜೆ. ಜಲಜಮ್ಮ ಬಲ್ಬಿನ ಕೆಳಗೇ ಕೂತಿದ್ದಳು.

"ಹತ್ತುತ್ತಾ ಮಗಾ?"

"ಮುಂದಕ್ಕೆ ಹಾಕಿದ್ರು ಅವ್ವಾ. ಸ್ಥಳೀಯ ಪ್ರತಿನಿಧಿ ಇರ್ಲಿಲ್ವಂತೆ."

ಮುದುಕಿ ಕೆಂಡವಾದಳು. "ಯಾವನಾ ಅವ? ನನ್ನ ಮಗ ಡೈರೆಕ್ಟ್ರಾಗಿ ಹೊತ್ತಿಗೆ ಮುಂಚೆ ಹೋಗಿದಾನೆ, ಇವ್ನಿಗೆ ಬಂದು ಕೂರಕ್ಕೆ ಏನು ದಾಡಿ? ಅವನ ಮನೇಲಿ ಯಾವತ್ತೂ ಲೈಟು ಹತ್ತದೇ ಹೋಗ್ಲಿ!"

ಹೆತ್ತವಳ ಶಾಪ ತಟ್ಟದೆ ಇರುತ್ತದೆಯೇ? ಹೂವಪ್ಪ ಬುಡ್ಡಿ ಹಚ್ಚಿದ. ಜಲಜಮ್ಮ ಕೈಯಾಡಿಸಿ ಬಲ್ಬನ್ನು ಹುಡುಕಿ, ಸೆರಗಿನಿಂದ ಧೂಳು ಒರೆಸತೊಡಗಿದಳು.